ಮೆಡಿಕಲ್ ವಿಶ್ವವಿದ್ಯಾಲಯದಲ್ಲಿ ಆಟ, ಓಟ, ಮೈದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕ್ಯಾಂಪಸ್‌ಗಳಲ್ಲಿ ಮೈದಾನದ ಸುತ್ತಮುತ್ತ ಓಡಾಡುವವರಿಗೆ ಕೆಲವು ಪ್ರಶ್ನೆಗಳು ಪ್ರತಿ ವರ್ಷ ಬಂದೇ ಬರುತ್ತವೆ. ಅಡ್ಮಿಶನ್ ಹೊತ್ತಿನಲ್ಲಿ ತಂದೆ ತಾಯಿ ಕೇಳುತ್ತಾರೆ. ಆಮೇಲೆ ಮೊದಲ ವರ್ಷದ ಹುಡುಗ ಹುಡುಗಿಯರು, ಸೆಲೆಕ್ಷನ್ ಹತ್ತಿರ ಬಂದಾಗ ಆಟಗಾರರು, ಇನ್ನೂ ಆಮೇಲೆ ಊರು ಬಿಟ್ಟುಹೋದ ಹಳೇ ವಿದ್ಯಾರ್ಥಿಗಳು. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವವು ಕೊನೆಗೆ.

## ಸೇರುವ ಮುಂಚೆ

ಸರ್, ಮೆಡಿಕಲ್ ಸೇರಿದ ಮ್ಯಾಲ ಆಟ ಆಡಾಕ ಟೈಮ್ ಸಿಗ್ತದೇನ್ರಿ?

ಸಿಗುತ್ತದೆ, ಆದರೆ ಯಾವಾಗ ಬೇಕೋ ಆವಾಗ ಸಿಗುವುದಿಲ್ಲ. ಮೆಡಿಕಲ್ ಕ್ಯಾಂಪಸ್‌ನಲ್ಲಿ ಆಟದ ಹೊತ್ತು ಎರಡೇ. ಮುಂಜಾನೆ ಐದೂವರೆಯಿಂದ ಏಳರವರೆಗೆ, ಸಂಜೆ ಐದರಿಂದ ಕತ್ತಲಾಗುವವರೆಗೆ. ಮಧ್ಯದಲ್ಲಿ ಲೆಕ್ಚರ್, ಪ್ರಾಕ್ಟಿಕಲ್, ವಾರ್ಡ್ ಎಲ್ಲವೂ ಕೂತಿರುತ್ತವೆ. ಎರಡನೇ ವರ್ಷದಿಂದ ವಾರ್ಡ್ ಪೋಸ್ಟಿಂಗ್ ಶುರುವಾದರೆ ಮುಂಜಾನೆಯ ಆಟ ಬೇಗ ಮುಗಿಸಿ ಸ್ನಾನ ಮಾಡಿ ಏಪ್ರನ್ ಹಾಕಿಕೊಂಡು ಓಡಬೇಕು.

ಇಷ್ಟು ವರ್ಷ ನೋಡಿದ್ದರಲ್ಲಿ ನನಗೆ ಒಂದು ಮಾತು ಗಟ್ಟಿಯಾಗಿದೆ. ಮೆಡಿಕಲ್ ಕಾಲೇಜಿನಲ್ಲಿ ಆಟಗಾರರನ್ನು ಕೆಡಿಸುವುದು ಕೆಟ್ಟ ಮೈದಾನಕ್ಕಿಂತ ಜಾಸ್ತಿ ಟೈಮ್‌ಟೇಬಲ್. ಮೈದಾನ ಸುಮಾರಾಗಿದ್ದರೂ ಹೊತ್ತು ಗಟ್ಟಿಯಾಗಿದ್ದ ಬ್ಯಾಚ್‌ನಿಂದ ಒಳ್ಳೆಯ ತಂಡ ಬಂದಿದೆ. ಕೋಟಿ ಖರ್ಚಿನ ಜಿಮ್ ಇದ್ದೂ ಅದು ತೆರೆಯುವ ಹೊತ್ತು ಕ್ಲಾಸಿನ ಹೊತ್ತೇ ಆಗಿದ್ದರೆ ಟ್ರೆಡ್‌ಮಿಲ್ ಮೇಲೆ ಧೂಳು ಕೂರುತ್ತದೆ.

ನಮ್ಮ ಭಾಗದಾಗ ಯಾವ ಕಾಲೇಜ್ ಯಾವ ಯೂನಿವರ್ಸಿಟಿಗೆ ಬರ್ತಾವ? ಆಟಕ್ಕ ಅದರಿಂದ ಏನ್ ಫರಕ್?

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು, ಅಂದರೆ ಎಲ್ಲರೂ ಕರೆಯುವ ಜೆ.ಎನ್.ಎಂ.ಸಿ., 1963ರಲ್ಲಿ ಶುರುವಾಯಿತು. ಅದೀಗ ಕೆ.ಎಲ್.ಇ. ಸಂಸ್ಥೆಯ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ತಾನೇ ಪದವಿ ಕೊಡುವ ಮಾನ್ಯತೆ ಪಡೆದ ಸಂಸ್ಥೆಯ ಭಾಗ. ಆ ಮಾನ್ಯತೆ ಬಂದದ್ದು 2006ರಲ್ಲಿ. ವಿಜಯಪುರದ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು 1986ರದ್ದು, ಬಿ.ಎಲ್.ಡಿ.ಇ. ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ವಿಶ್ವವಿದ್ಯಾಲಯ 2008ರದ್ದು. ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ವಿಜಯಪುರದ ಅಲ್ ಅಮೀನ್, ಬೆಳಗಾವಿಯ ಸರ್ಕಾರಿ ಬಿಮ್ಸ್ ಇವು ಮೂರೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅದು 1996ರಲ್ಲಿ ಹುಟ್ಟಿದ್ದು, ಇಡೀ ರಾಜ್ಯಕ್ಕೆ ಹರಡಿಕೊಂಡಿದೆ.

ಫರಕ್ ದೊಡ್ಡದೇ ಇದೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹುಡುಗ ಮೊದಲು ಅಂತರ ಕಾಲೇಜು ಕೂಟದಲ್ಲಿ ರಾಜ್ಯದ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆಯುರ್ವೇದ ಎಲ್ಲರನ್ನೂ ದಾಟಿ ಬರಬೇಕು. ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಸ್ಪರ್ಧೆ ಕ್ಯಾಂಪಸ್ ಒಳಗಿನದು, ಹಾಗಾಗಿ ವಿಶ್ವವಿದ್ಯಾಲಯದ ಜೆರ್ಸಿ ಬೇಗ ಸಿಗುತ್ತದೆ. ಆದರೆ ಆ ಜೆರ್ಸಿ ಹಾಕಿಕೊಂಡು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋದಾಗ ಎದುರಿಗೆ ನಿಲ್ಲುವವರು ಲಕ್ಷಗಟ್ಟಲೆ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯಗಳಿಂದ ಆರಿಸಿ ಬಂದ ಹುಡುಗರು. ಒಂದು ದಾರಿಯಲ್ಲಿ ಮೊದಲೇ ಕಷ್ಟ, ಇನ್ನೊಂದರಲ್ಲಿ ಆಮೇಲೆ.

ಬ್ರೋಚರ್‌ನಲ್ಲಿ ಮೈದಾನ ಚೆನ್ನಾಗಿ ಕಾಣುತ್ತೆ. ಹೋಗಿ ನೋಡುವಾಗ ಏನು ಗಮನಿಸಬೇಕು?

ಫೋಟೋ ಬಿಡಿ. ಸಂಜೆ ಐದೂವರೆಗೆ ಹೋಗಿ ನಿಂತುಕೊಳ್ಳಿ. ಎಷ್ಟು ಜನ ಆಡುತ್ತಿದ್ದಾರೆ, ಅದರಲ್ಲಿ ಹುಡುಗಿಯರು ಎಷ್ಟು ಅಂತ ನೋಡಿ. ಬ್ಯಾಡ್ಮಿಂಟನ್ ಹಾಲ್‌ನ ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿ. ಉತ್ತರಕ್ಕೆ ಮೂರು ಜನರನ್ನು ಹುಡುಕಬೇಕಾದರೆ ಆ ಹಾಲ್ ಇದ್ದೂ ಇಲ್ಲದಂತೆ. ಕುಡಿಯುವ ನೀರು ಮೈದಾನದ ಅಂಚಿನಲ್ಲೇ ಇದೆಯಾ, ಹಾಸ್ಟೆಲ್‌ಗೆ ಹೋಗಬೇಕಾ? ಲೈಟ್ ಇದೆಯಾ? ವಾಲಿಬಾಲ್ ನೆಟ್ ಸಡಿಲಾಗಿ ಹೊಟ್ಟೆ ಬಿಟ್ಟಿದೆಯಾ? ನೆಟ್ ಬಿಗಿಯಾಗಿದ್ದರೆ ಅಲ್ಲಿ ದಿನಾ ಆಡುವವರಿದ್ದಾರೆ ಎಂದರ್ಥ.

ಸಿಲಬಸ್‌ನಲ್ಲೇ ಆಟ ಇದೆ ಅಂತಾರೆ, ಖರೇನಾ?

ಖರೆ, ಸ್ವಲ್ಪ ಮಟ್ಟಿಗೆ. 2019ರಲ್ಲಿ ಹೊಸ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬಂದಾಗ ಶುರುವಿಗೆ ಫೌಂಡೇಶನ್ ಕೋರ್ಸ್ ಸೇರಿತು. 175 ಗಂಟೆಗಳ ಆ ಕೋರ್ಸ್‌ನಲ್ಲಿ 22 ಗಂಟೆ ಆಟ ಮತ್ತು ಪಠ್ಯೇತರ ಚಟುವಟಿಕೆಗೆ. ಮುಂದೆ ಫೌಂಡೇಶನ್ ಕೋರ್ಸೇ ಗಿಡ್ಡಾಯಿತು. ಆ ಗಂಟೆಗಳಿಂದ ಯಾರೂ ಆಟಗಾರ ಆಗುವುದಿಲ್ಲ ಬಿಡಿ. ಆದರೆ ಬೀದರ್‌ನಿಂದ ಬಂದ ಹುಡುಗಿಗೂ ಕೇರಳದಿಂದ ಬಂದ ಹುಡುಗಿಗೂ ಮೊದಲ ಗೆಳೆತನ ಥ್ರೋಬಾಲ್ ಕೋರ್ಟ್‌ನಲ್ಲಿ ಆಗುವುದನ್ನು ನೋಡಿದ್ದೇನೆ. ಅಷ್ಟಾದರೂ ಸಾಕಲ್ವಾ?

ಸ್ಪೋರ್ಟ್ಸ್ ಕೋಟಾದಾಗ ಸೀಟ್ ಸಿಗ್ತದೇನು?

ರಾಜ್ಯದ ಪರೀಕ್ಷಾ ಪ್ರಾಧಿಕಾರದ ವಿಶೇಷ ವರ್ಗಗಳಲ್ಲಿ ಕ್ರೀಡೆಯೂ ಇದೆ. ಸೀಟು ಬಹಳ ಕಡಿಮೆ. ನೀಟ್ ಅರ್ಹತೆ ಇಲ್ಲದೆ ಯಾವ ಪದಕವೂ ಕೆಲಸಕ್ಕೆ ಬರುವುದಿಲ್ಲ. ಯಾವ ಕೂಟದ ಸರ್ಟಿಫಿಕೇಟ್ ನಡೆಯುತ್ತದೆ ಎಂಬುದನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಿ, ಏಜೆಂಟರ ಮಾತು ಕೇಳಬೇಡಿ.

## ಮೈದಾನ, ಕೋರ್ಟ್, ಕೊಳ

ಬಿಜಾಪುರದ ಗ್ರೌಂಡ್ ಬ್ಯಾಸಿಗ್ಯಾಗ ಬಿರುಕು ಬಿಡ್ತದ, ಮಳಿಗಾಲದಾಗ ಬೂಟಿಗೆ ಮೆತ್ತಿಕೊಳ್ತದ. ಇದಕ್ಕ ಮದ್ದಿಲ್ಲೇನ್ರಿ?

ಇದು ಎರೆಮಣ್ಣಿನ ಗುಣ. ಈ ಕಪ್ಪು ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಆಗುವ ಬಿರುಕಿನಲ್ಲಿ ಓಟಗಾರನ ಪಾದ ಸಿಕ್ಕರೆ ಪಾದದ ಗಂಟು ಹೋಯಿತು ಅಂತಲೇ. ವಿಜಯಪುರ, ಬಾಗಲಕೋಟೆ ಎರಡೂ ಕಡೆ ಈ ಸಮಸ್ಯೆ ಇದೆ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಕಡಿಮೆ, ಅಲ್ಲಿ ತೊಂದರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದೇ ಇಲ್ಲ.

ಎರೆಮಣ್ಣಿನ ಮೇಲೆ ಸುಮ್ನೆ ಒಂದು ಟ್ರಿಪ್ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಸುರಿದು ರೋಲರ್ ಓಡಿಸಿದರೆ ಒಂದು ಮಳೆಗಾಲ ತಡೆಯುತ್ತದೆ, ಅಷ್ಟೇ. ಎರಡನೇ ವರ್ಷ ಗರಸು ಕೆಳಗೆ, ಎರೆ ಮೇಲೆ. ಸರಿಯಾದ ದಾರಿ ಎಂದರೆ ಮೇಲಿನ ಕಪ್ಪು ಮಣ್ಣನ್ನು ತೆಗೆಸಬೇಕು. ಕೆಳಗೆ ಕಲ್ಲಿನ ಪದರ, ಅದರ ಮೇಲೆ ಗರಸು ಹಾಕಿ ಪದರ ಪದರವಾಗಿ ನೀರು ಹೊಡೆದು ರೋಲ್ ಮಾಡಿಸಬೇಕು. ಮೈದಾನದ ನಡು ಸ್ವಲ್ಪ ಎತ್ತರ, ಅಂಚು ತಗ್ಗು ಇರಬೇಕು. ಸುತ್ತ ಚರಂಡಿ ಇರಲೇಬೇಕು. ಖರ್ಚಿನ ದೊಡ್ಡ ಪಾಲು ಕಣ್ಣಿಗೆ ಕಾಣದ ಕಡೆ ಹೋಗುತ್ತದೆ. ಅದಕ್ಕೇ ಮ್ಯಾನೇಜ್‌ಮೆಂಟ್‌ಗಳಿಗೆ ಇದು ರುಚಿಸುವುದಿಲ್ಲ. ಪೆವಿಲಿಯನ್ ಕಟ್ಟಿದರೆ ಮೇಲೆ ಹೆಸರು ಬರೆಸಬಹುದು, ಚರಂಡಿಯ ಮೇಲೆ ಬರೆಸಲು ಆಗುತ್ತದೆಯೇ?

ಒಂದು ಮಜಾ ಸಂಗತಿ ಇದೆ. ಓಟಕ್ಕೆ ಶತ್ರುವಾದ ಇದೇ ಎರೆಮಣ್ಣು ಕ್ರಿಕೆಟ್ ಪಿಚ್‌ಗೆ ಬೇಕೇ ಬೇಕು. ಜೇಡಿ ಜಾಸ್ತಿ ಇರುವ ಮಣ್ಣು ನೀರು ಹಾಕಿ ರೋಲ್ ಮಾಡಿದರೆ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ತೆಗೆಸಿದ ಮಣ್ಣನ್ನು ಎಸೆಯಬೇಡಿ.

ಹಾಸ್ಟೆಲ್ ಹಿಂದೆ ಸ್ವಲ್ಪ ಜಾಗ ಇದೆ. ಯಾವ ಕೋರ್ಟ್ ಹಿಡಿಸುತ್ತೆ?

ಟೇಪ್ ಹಿಡಿದು ಅಳೆಯಿರಿ. ವಾಲಿಬಾಲ್ ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟರೆ 24ಕ್ಕೆ 15 ಬೇಕು. ಪುರುಷರ ಕಬಡ್ಡಿಗೆ 13ಕ್ಕೆ 10, ಮಹಿಳೆಯರಿಗೆ 12ಕ್ಕೆ 8. ಬ್ಯಾಡ್ಮಿಂಟನ್ 13.40ಕ್ಕೆ 6.10. ಆದರೆ ಹೊರಗೆ ಗಾಳಿಯಲ್ಲಿ ಶಟಲ್ ಆಟ ಬರೀ ಕಾಲಹರಣ, ಬೆಳಗಾವಿಯ ಗಾಳಿಗಂತೂ ಕೇಳುವುದೇ ಬೇಡ. ಖೋಖೋಗೆ 27ಕ್ಕೆ 16, ಬಾಸ್ಕೆಟ್‌ಬಾಲ್‌ಗೆ 28ಕ್ಕೆ 15.

400 ಮೀಟರ್ ಟ್ರ್ಯಾಕ್ ಬೇಕೆನ್ನುವವರಿಗೆ: ಎಂಟು ಲೇನ್, ತಲಾ 1.22 ಮೀಟರ್. ಎಲ್ಲಾ ಸೇರಿ ನಾಲ್ಕು ಎಕರೆ ಹೋಗುತ್ತದೆ. ಆಸ್ಪತ್ರೆ ಬೆಳೆಯುತ್ತಿರುವ ಕ್ಯಾಂಪಸ್‌ನಲ್ಲಿ ಅಷ್ಟು ಜಾಗ ಆಟಕ್ಕೆ ಬಿಡುವವರು ಅಪರೂಪ. 200 ಮೀಟರ್ ಟ್ರ್ಯಾಕ್ ಚೆನ್ನಾಗಿ ಇಟ್ಟುಕೊಂಡು, ಸ್ಪರ್ಧೆ ಹತ್ತಿರ ಬಂದಾಗ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುವುದು ಜಾಣತನ. ವಿಜಯಪುರದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣ ಇದ್ದೇ ಇದೆ.

ಬಾವ್ಯಾಗ ಈಜು ಕಲ್ತೀನಿ. ಸ್ವಿಮ್ಮಿಂಗ್ ಪೂಲ್‌ನಾಗ ನಡೀತದೇನು?

ಮುಳುಗುವುದಿಲ್ಲ, ಆದರೆ ಗೆಲ್ಲುವುದೂ ಇಲ್ಲ. ನಮ್ಮ ಭಾಗದ ಹಳ್ಳಿ ಮಕ್ಕಳು ಬೆನ್ನಿಗೆ ಒಣ ಕುಂಬಳಕಾಯಿ ಇಲ್ಲವೇ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಬಾವಿಗೆ ಜಿಗಿದು ಕಲಿತವರು. ಅವರಿಗೆ ನೀರಿನ ಭಯ ಇಲ್ಲ. ಅದು ದೊಡ್ಡ ಆಸ್ತಿ. ಆದರೆ ಬಾವಿಯಲ್ಲಿ ತಲೆ ನೀರಿನ ಮೇಲಿಟ್ಟು ಈಜುವ ರೂಢಿ. ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ, ಮೈ ನೀರನ್ನು ತಳ್ಳುವ ಬದಲು ಎಳೆಯುತ್ತದೆ. ಬಾವಿಯ ಹತ್ತು ಮೀಟರ್‌ನಲ್ಲಿ ಗೊತ್ತಾಗುವುದಿಲ್ಲ. 50 ಮೀಟರ್ ಕೊಳದ ಅರ್ಧಕ್ಕೆ ಉಸಿರು ಹಿಡಿಯುತ್ತದೆ.

ಮೊದಲ ಕೆಲವು ವಾರ ಗೋಡೆ ಹಿಡಿದು ಬಾಯಿಂದ ನೀರಿನೊಳಗೆ ಉಸಿರು ಬಿಡುವುದನ್ನು ಮಾತ್ರ ಕಲಿಯಿರಿ. ಬೇಜಾರಾಗುತ್ತದೆ, ಆದರೂ ಬಿಡಬೇಡಿ. ಬೆಳಗಾವಿಯ ಜೆ.ಎನ್.ಎಂ.ಸಿ. ಆವರಣದಲ್ಲಿ ಒಲಿಂಪಿಕ್ ಅಳತೆಯ ಸುವರ್ಣ ಜೆ.ಎನ್.ಎಂ.ಸಿ. ಈಜುಕೊಳ ಇದೆ. ಊರಿನ ಈಜು ಕ್ಲಬ್‌ಗಳ ಮಕ್ಕಳೂ ಅಲ್ಲೇ ತಯಾರಾಗುತ್ತಾರೆ. ಎಂಟು ವರ್ಷದ ಪೋರಿ ಪಕ್ಕದ ಲೇನ್‌ನಲ್ಲಿ ನಿಮ್ಮನ್ನು ದಾಟಿ ಹೋಗುತ್ತಾಳೆ. ನಾಚಿಕೆ ಪಡಬೇಡಿ, ಅವಳ ಕೈ ಹೇಗೆ ಹೋಗುತ್ತದೆ ನೋಡಿ.

ಏಪ್ರಿಲ್ ಮೇ ಬಿಸಲಾಗ ಪ್ರಾಕ್ಟೀಸ್ ಮಾಡಬಹುದೇನ್ರಿ?

ವಿಜಯಪುರ, ಬಾಗಲಕೋಟೆಯಲ್ಲಿ ಆಗ 40 ಡಿಗ್ರಿ ದಾಟುವುದು ಹೊಸದಲ್ಲ. ಮುಂಜಾನೆ ಏಳರೊಳಗೆ ಮುಗಿಸಿ. ಹೊಸದಾಗಿ ಬಂದವರು ಒಂದೆರಡು ವಾರ ನಿಧಾನವಾಗಿ ಹೊತ್ತು ಏರಿಸಿ, ಮೈ ಬಿಸಿಲಿಗೆ ಒಗ್ಗಿಕೊಳ್ಳಲು ಅಷ್ಟು ಬೇಕು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು.

ಓಡುತ್ತಿದ್ದವನು ತೊದಲಿದರೆ, ಅಡ್ಡಾದಿಡ್ಡಿ ನಡೆದರೆ, ಸಿಟ್ಟಿನಿಂದ ಏನೇನೋ ಮಾತಾಡಿದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ಮೈ ಬೆವೆತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಓಡುವವರಲ್ಲಿ ಬೆವರು ಇದ್ದೂ ಇದು ಆಗುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಐಸ್ ನೀರಿನ ಟಬ್ ಇದ್ದರೆ ಕುತ್ತಿಗೆವರೆಗೆ ಮುಳುಗಿಸಿ, ಇಲ್ಲದಿದ್ದರೆ ಪೈಪ್ ಹಿಡಿದು ನೀರು ಸುರಿಯುತ್ತಾ ಗಾಳಿ ಹಾಕಿ. ಆಸ್ಪತ್ರೆ ಇನ್ನೂರು ಹೆಜ್ಜೆ ದೂರದಲ್ಲಿದೆ ಎಂಬ ಧೈರ್ಯಕ್ಕೆ ಎತ್ತಿಕೊಂಡು ಓಡುವುದು ಮೆಡಿಕಲ್ ಕ್ಯಾಂಪಸ್‌ನಲ್ಲಿ ಸಾಮಾನ್ಯ. ಕ್ಯಾಜುವಾಲ್ಟಿಯಲ್ಲಿ ಸ್ಟ್ರೆಚರ್, ಕೇಸ್ ಪೇಪರ್ ಆಗುವಷ್ಟರಲ್ಲಿ ಬೆಲೆಬಾಳುವ ನಿಮಿಷಗಳು ಹೋಗಿರುತ್ತವೆ.

ನಮ್ಮ ಮಗಳು ಸ್ಕೂಲಿನಲ್ಲಿ ಹ್ಯಾಂಡ್‌ಬಾಲ್ ಆಡ್ತಿದ್ದಳು. ಹಾಸ್ಟೆಲ್‌ಗೆ ಬಂದ ಮೇಲೆ ಬಿಟ್ಟಳು. ಯಾಕೆ?

ಅವಳನ್ನೇ ಕೇಳಿ, ಮುಕ್ಕಾಲು ಪಾಲು ಉತ್ತರ ಹಾಸ್ಟೆಲ್ ಗೇಟ್ ಟೈಮ್ ಆಗಿರುತ್ತದೆ. ಲ್ಯಾಬ್ ಮುಗಿಯುವುದು ಐದಕ್ಕೆ. ಗೇಟ್ ಹಾಕುವುದು ಏಳಕ್ಕೆ ಎಂದರೆ, ಬಟ್ಟೆ ಬದಲಿಸಿ ಮೈದಾನಕ್ಕೆ ಬಂದು ಹೋಗುವಷ್ಟರಲ್ಲಿ ಆಟಕ್ಕೆ ಉಳಿಯುವುದು ಮುಕ್ಕಾಲು ಗಂಟೆ. ಹುಡುಗರಿಗೆ ಈ ಲೆಕ್ಕವೇ ಇಲ್ಲ. ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ರಾತ್ರಿ ಎಂಟರವರೆಗೆ ಅನುಮತಿ ಕೇಳಲು ಹೋದಾಗ ವಾರ್ಡನ್‌ರಿಂದ ಪ್ರಿನ್ಸಿಪಾಲ್‌ರಿಗೆ, ಅಲ್ಲಿಂದ ಮತ್ತೆ ವಾರ್ಡನ್‌ರಿಗೆ ಪತ್ರ ತಿರುಗಿತು. ಪತ್ರ ಬರುವ ಹೊತ್ತಿಗೆ ಕೂಟ ಮುಗಿದಿತ್ತು. ಪೋಷಕರು ಬರೆದು ಕೊಟ್ಟರೆ ಈ ಕೆಲಸ ಬೇಗ ಆಗುತ್ತದೆ. ನಾಲ್ಕೈದು ಹುಡುಗಿಯರ ತಂದೆ ತಾಯಿ ಸೇರಿ ಸಹಿ ಹಾಕಿದ ಒಂದೇ ಅರ್ಜಿ ಇನ್ನೂ ಒಳ್ಳೆಯದು.

## ಸಂಪ್ರದಾಯ, ಪೈಪೋಟಿ

ವಾರ್ಷಿಕ ಕ್ರೀಡಾಕೂಟದಾಗ ಏನೇನಿರ್ತದ? ನಾವೂ ಇರಬೇಕಾ?

ಇರಿ. ಮಾರ್ಚ್‌ಪಾಸ್ಟ್, ಕ್ರೀಡಾಜ್ಯೋತಿ, ಮುಖ್ಯ ಅತಿಥಿಗಳ ಉದ್ದನೆಯ ಭಾಷಣ ಎಲ್ಲ ಕಡೆಯಂತೆ ಇಲ್ಲೂ ಇದೆ. ಮೆಡಿಕಲ್‌ನ ಬೇರೆ ರುಚಿ ಇರುವುದು ಬ್ಯಾಚ್ ಪೈಪೋಟಿಯಲ್ಲಿ. ಐದೂವರೆ ವರ್ಷ ಒಂದೇ ಬ್ಯಾಚ್ ಜೊತೆಗಿರುತ್ತದೆ. ಮೊದಲ ವರ್ಷ ಹಗ್ಗ ಜಗ್ಗಾಟದಲ್ಲಿ ಸೋತ ಬ್ಯಾಚ್ ಆ ಸಿಟ್ಟನ್ನು ಇಂಟರ್ನ್‌ಶಿಪ್‌ವರೆಗೂ ಇಟ್ಟುಕೊಳ್ಳುತ್ತದೆ. ಅನಾಟಮಿ ಪ್ರೊಫೆಸರ್ ಗುಂಡು ಎಸೆಯಲು ಬಂದಾಗ ಹಿಂದಿನಿಂದ ಸ್ನಾಯುಗಳ ಹೆಸರು ಕೂಗುವ ಹುಡುಗರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಇಂಟರ್ನ್ಸ್ ಮತ್ತು ಸ್ಟಾಫ್ ನಡುವಿನ ಕ್ರಿಕೆಟ್ ಪಂದ್ಯದಲ್ಲಿ ಎಚ್.ಒ.ಡಿ.ಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, ಎಲ್.ಬಿ.ಡಬ್ಲ್ಯೂ. ಕೊಡುವ ಅಂಪೈರ್ ಮಾತ್ರ ಇನ್ನೂ ಹುಟ್ಟಿಲ್ಲ.

ವಾರ್ಡ್ ಬಾಯ್, ಆಂಬುಲೆನ್ಸ್ ಡ್ರೈವರ್, ಅಡುಗೆಯವರ ಓಟವನ್ನು ಕೊನೆಯ ಅರ್ಧ ಗಂಟೆಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅವರಲ್ಲಿ ಒಳ್ಳೆಯ ಆಟಗಾರರಿರುತ್ತಾರೆ, ಡ್ಯೂಟಿ ಬದಲಿಸಿಕೊಂಡು ಬಂದಿರುತ್ತಾರೆ.

ಇಂಥ ಪೈಪೋಟಿ ಮೆಡಿಕಲ್ ಜಗತ್ತಿಗೆ ಹಳೆಯದು. ಲಂಡನ್ನಿನ ಆಸ್ಪತ್ರೆ ಕಾಲೇಜುಗಳು ರಗ್ಬಿಯಲ್ಲಿ ಯುನೈಟೆಡ್ ಹಾಸ್ಪಿಟಲ್ಸ್ ಕಪ್‌ಗೆ 1875ರಿಂದ ಸೆಣಸುತ್ತಿವೆ.

ಕುಸ್ತಿ, ಸಂಗ್ರಾಣಿ ಕಲ್ಲು, ಸೈಕಲ್ ರೇಸ್ ಇವು ನಮ್ಮ ಜಿಲ್ಲಾದ ಆಟ. ಮೆಡಿಕಲ್ ಕಾಲೇಜಿನಾಗ ಯಾಕ ಕಾಣಂಗಿಲ್ಲ?

ಬಹಳ ಒಳ್ಳೆಯ ಪ್ರಶ್ನೆ, ಉತ್ತರ ಅಷ್ಟು ಒಳ್ಳೆಯದಿಲ್ಲ. ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಹೊರಗಿನಿಂದ ಬಂದವರೇ ಜಾಸ್ತಿ. ಅವರಿಗೆ ಕ್ರಿಕೆಟ್, ಫುಟ್‌ಬಾಲ್, ಬ್ಯಾಡ್ಮಿಂಟನ್ ಗೊತ್ತು. ಕ್ಯಾಂಪಸ್ ಗೋಡೆಯಾಚೆ ಇರುವುದು ಬೇರೆ ಲೋಕ. ಬೆಳಗಾವಿಯಲ್ಲಿ ತಾಲೀಮುಗಳಿವೆ, ಅಂದರೆ ಕುಸ್ತಿಯ ಗರಡಿಮನೆಗಳು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರದಲ್ಲಿ ಸೈನಿಕರ ಜೊತೆ ಹುಡುಗರೂ ಕುಸ್ತಿ ಕಲಿಯುತ್ತಾರೆ. ವಿಜಯಪುರ ಬಾಗಲಕೋಟೆಯ ಹಳ್ಳಿಗಳಿಂದ ರಾಷ್ಟ್ರ ಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಗಂಡಾಳುಗಳನ್ನು ನೋಡಲು ಊರೇ ಸೇರುತ್ತದೆ. ಇವರಿಗೆ ಬೆನ್ನು ಹಿಡಿದರೆ ಬರುವುದು ಇದೇ ಮೆಡಿಕಲ್ ಕಾಲೇಜಿನ ಓ.ಪಿ.ಡಿ.ಗೆ. ಪೇಷಂಟ್ ಆಗಿ ಬರುತ್ತಾರೆ, ಗುರುವಾಗಿ ಬರುವುದಿಲ್ಲ.

ಜೋಡಿಸುವ ದಾರಿ ಇದೆ. ತಾಲೀಮಿನ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿಣ, ಮಜ್ಜಿಗೆ, ಲಿಂಬೆ ಹಾಕಿ ಹದ ಮಾಡುತ್ತಾರೆ. ಮೈಗೆ ಮೈ ತಾಗುವ ಆಟವಾದ್ದರಿಂದ ಪೈಲ್ವಾನರಿಗೆ ಹುಳುಕಡ್ಡಿ ಬೇಗ ಹರಡುತ್ತದೆ. ಚರ್ಮರೋಗ ವಿಭಾಗದವರು ತಿಂಗಳಿಗೊಮ್ಮೆ ಅಲ್ಲಿಗೆ ಹೋದರೆ ಇಬ್ಬರಿಗೂ ಲಾಭ. ಕಿವಿಗೆ ಪೆಟ್ಟು ಬಿದ್ದು ರಕ್ತ ಕಟ್ಟಿದರೆ ಬೇಗ ತೆಗೆಸಿ ಒತ್ತಿ ಕಟ್ಟು ಹಾಕಬೇಕು. ತಡವಾದರೆ ಕಿವಿ ಮುದುಡಿ ಗಟ್ಟಿಯಾಗುತ್ತದೆ. ವಸ್ತಾದರಿಗೆ, ಅಂದರೆ ಕುಸ್ತಿ ಗುರುಗಳಿಗೆ, ಅದು ಹೆಮ್ಮೆಯ ಗುರುತು, ಇ.ಎನ್.ಟಿ. ಡಾಕ್ಟರಿಗೆ ತಪ್ಪಿಸಬಹುದಾಗಿದ್ದ ಗಾಯ. ಈ ಮಾತುಕತೆ ನಡೆಯಬೇಕು. ಹಾಗೆಯೇ ದಂಡ, ಬೈಠಕ್ ಹೊಡೆಯುವುದನ್ನು ಕಲಿಸಲು ಒಬ್ಬ ವಸ್ತಾದರನ್ನು ಕ್ಯಾಂಪಸ್‌ಗೆ ಕರೆಸಿ. ಜಿಮ್ ಮೆಷಿನ್ ಇಲ್ಲದೆ ತೊಡೆ ಗಟ್ಟಿಮಾಡುವುದು ಹೇಗೆಂದು ಅವರು ತೋರಿಸುತ್ತಾರೆ.

ಓಟದಲ್ಲಿ ಈ ಜೋಡಣೆ ಸ್ವಲ್ಪ ಆಗಿದೆ. ವಿಜಯಪುರದ ವೃಕ್ಷೊಥಾನ್ ಓಟದಲ್ಲಿ ಊರಿನವರ ಜೊತೆ ಮೆಡಿಕಲ್‌ನವರೂ ಓಡುತ್ತಾರೆ. 21 ಕಿಲೋಮೀಟರ್ ಓಡುವವರು ಕಡಿಮೆ, ಸಣ್ಣ ಓಟಕ್ಕೆ ಗುಂಪು ಗುಂಪಾಗಿ ಬರುತ್ತಾರೆ.

ಆಟವೂ ಆಡಿ ಡಾಕ್ಟರೂ ಆದವರು ಯಾರಾದರೂ ಇದ್ದಾರಾ? ಅಪ್ಪಾಜಿಗೆ ಹೇಳಬೇಕು.

ಅಪ್ಪಾಜಿಗೆ ತಾಲಿಮೆರೆನ್ ಆವೋ ಅವರ ಕಥೆ ಹೇಳಿ. ನಾಗಾ ಬೆಟ್ಟಗಳ ಹುಡುಗ. ಕೋಲ್ಕತ್ತದಲ್ಲಿ ಈಗ ಆರ್.ಜಿ. ಕರ್ ಎಂದು ಕರೆಯುವ ಕಾರ್‌ಮೈಕೇಲ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ, ಜೊತೆಗೆ ಮೋಹನ್ ಬಗಾನ್ ಆಟಗಾರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕ ಅವರೇ. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಆಮೇಲೆ ಅವರು ಎಂ.ಬಿ.ಬಿ.ಎಸ್. ಮುಗಿಸಿ ಊರಿಗೆ ಹಿಂತಿರುಗಿ ನಾಗಾಲ್ಯಾಂಡ್‌ನ ಆರೋಗ್ಯ ಸೇವೆಯ ನಿರ್ದೇಶಕರಾದರು.

ವೇಸ್ ಪೇಸ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದರು, ಕ್ರೀಡಾ ವೈದ್ಯರೂ ಆಗಿದ್ದರು. ಮೈಲಿಯನ್ನು ಮೊದಲ ಬಾರಿ ನಾಲ್ಕು ನಿಮಿಷದೊಳಗೆ ಓಡಿದ ರೋಜರ್ ಬ್ಯಾನಿಸ್ಟರ್ ಆಗ, 1954ರಲ್ಲಿ, ಲಂಡನ್ನಿನಲ್ಲಿ ಮೆಡಿಕಲ್ ಓದುತ್ತಿದ್ದರು. ಅವರು ತಯಾರಿ ಮಾಡುತ್ತಿದ್ದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಟೈಮ್ ಇಲ್ಲ ಎನ್ನುವ ಜೂನಿಯರ್‌ಗಳಿಗೆ ಇದನ್ನೂ ಹೇಳಿ.

## ಸ್ಪರ್ಧೆಗೆ ಹೊರಟವರಿಗೆ

ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ತಂಡದ ಆಟಗಾರ, ಆಗಬೇಕು. ಎಷ್ಟನೇ ವರ್ಷದೊಳಗೆ?

ಬೇಗ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಬಹುತೇಕ ತಂಡದ ಆಟಗಳಲ್ಲಿ ಮೊದಲು ವಲಯ ಮಟ್ಟ, ನಾವು ದಕ್ಷಿಣ ವಲಯ. ವಯಸ್ಸಿನ ಮಿತಿ 25. ನೀಟ್‌ಗೆ ಒಂದೆರಡು ವರ್ಷ ರಿಪೀಟ್ ಮಾಡಿ ಬಂದವರು ಇಂಟರ್ನ್‌ಶಿಪ್ ಹೊತ್ತಿಗೆ ಗಡಿ ಹತ್ತಿರ ಬಂದಿರುತ್ತಾರೆ. ಪಿ.ಜಿ. ಮಾಡುವವರಿಗೆ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಎರಡನೇ ಮತ್ತು ಮೂರನೇ ವರ್ಷವೇ ನಿಜವಾದ ಅವಕಾಶ. ಹತ್ತನೇ ತರಗತಿ ಅಂಕಪಟ್ಟಿ, ಪಿ.ಯು. ಅಂಕಪಟ್ಟಿ ಮೂಲ ಪ್ರತಿ ಕಾಲೇಜಿನ ಆಫೀಸಿನಲ್ಲಿ ಸಿಕ್ಕಿಕೊಂಡಿರುತ್ತವೆ. ಅರ್ಹತೆ ಫಾರ್ಮ್‌ಗೆ ಅವು ಬೇಕು. ಫಿಸಿಕಲ್ ಡೈರೆಕ್ಟರ್ ಸರ್ ಹತ್ತಿರ ಆಗಸ್ಟ್‌ನಲ್ಲೇ ದೃಢೀಕರಿಸಿದ ಪ್ರತಿ ಕೊಟ್ಟಿಡಿ.

ಟೂರ್ನಮೆಂಟ್‌ಗೆ ಹೋದ್ರ ಅಟೆಂಡೆನ್ಸ್ ಕೊಡ್ತಾರೇನ್ರಿ?

ತಾನಾಗಿಯೇ ಬರುತ್ತದೆ ಎಂದು ನಂಬಬೇಡಿ. ಪರೀಕ್ಷೆಗೆ ಕೂರಲು ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80 ಹಾಜರಿ ಬೇಕು. ಹೋಗುವ ಮುಂಚೆ ಲಿಖಿತ ಅನುಮತಿ, ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರ ಎರಡನ್ನೂ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಕೊಡಿ. ಒಂದು ವಿಭಾಗಕ್ಕೆ ಕೊಟ್ಟರೆ ಇನ್ನೊಂದಕ್ಕೆ ತಲುಪುವುದಿಲ್ಲ. ತಪ್ಪಿದ ಪ್ರಾಕ್ಟಿಕಲ್ಲನ್ನು ಬೇರೆ ಬ್ಯಾಚ್ ಜೊತೆ ಮಾಡಿ ಮುಗಿಸುವುದು ಎಲ್ಲಕ್ಕಿಂತ ಸುರಕ್ಷಿತ.

ಕೋಚ್ ಇಲ್ಲ, ಫಿಟ್‌ನೆಸ್ ಎಷ್ಟಿದೆ ಅಂತ ಗೊತ್ತಾಗೋದು ಹೇಗೆ?

ಮೆಡಿಕಲ್ ಕಾಲೇಜಿನಲ್ಲಿ ಈ ಪ್ರಶ್ನೆ ಕೇಳುವುದೇ ವಿಚಿತ್ರ. ಫಿಸಿಯಾಲಜಿ ಲ್ಯಾಬ್‌ಗೆ ಹೋಗಿ! ಮೊದಲ ವರ್ಷದಲ್ಲಿ ರೆಕಾರ್ಡ್ ಬರೆಯಲೆಂದು ಮಾಡಿದ ಹಾರ್ವರ್ಡ್ ಸ್ಟೆಪ್ ಟೆಸ್ಟ್ ನೆನಪಿದೆಯಾ? ಪುರುಷರಿಗೆ 20 ಇಂಚು ಎತ್ತರದ ಮೆಟ್ಟಿಲು, ನಿಮಿಷಕ್ಕೆ 30 ಬಾರಿಯಂತೆ ಐದು ನಿಮಿಷ ಹತ್ತಿ ಇಳಿಯುವುದು. ಮುಗಿಸಿ ಕೂತ ಮೇಲೆ 1ರಿಂದ 1.5, 2ರಿಂದ 2.5, 3ರಿಂದ 3.5 ನಿಮಿಷಗಳ ನಡುವಿನ ನಾಡಿಬಡಿತ ಎಣಿಸಿ ಮೂರನ್ನೂ ಕೂಡಿಸಿ. ಮಾಡಿದ ಸೆಕೆಂಡುಗಳನ್ನು (ಐದು ನಿಮಿಷಕ್ಕೆ 300) ನೂರರಿಂದ ಗುಣಿಸಿ, ಈ ಮೊತ್ತದ ಎರಡರಷ್ಟರಿಂದ ಭಾಗಿಸಿ. ಮೊತ್ತ 180 ಬಂದರೆ 30,000 ಭಾಗಿಸು 360, ಅಂದರೆ 83. 80ರ ಮೇಲೆ ಚೆನ್ನಾಗಿದೆ, 90 ದಾಟಿದರೆ ಬಹಳ ಚೆನ್ನ, 55ಕ್ಕಿಂತ ಕಡಿಮೆ ಇದ್ದರೆ ಮೊದಲು ದಿನಾ ನಡೆಯಿರಿ.

ಒಂದು ಸಲದ ಅಂಕಿಗಿಂತ, ಆರು ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಮಾಡಿ ಹೋಲಿಸಿದರೆ ಉಪಯೋಗ. ಟೆಸ್ಟ್‌ಗೆ ಮುಂಚೆ ಚಹಾ ಕುಡಿಯಬೇಡಿ.

ನೈಟ್ ಡ್ಯೂಟಿ ಮುಗ್ಸಿ ಮುಂಜಾನೆ ಮ್ಯಾಚ್ ಆಡಬಹುದೇನ್ರಿ?

ಆಡುತ್ತಾರೆ, ಆಡಬಾರದು. ನಿದ್ದೆಗೆಟ್ಟವರ ಕಣ್ಣು ಕೈ ತಾಳ ತಪ್ಪುತ್ತದೆ. ಚೆಂಡು ಮುಖಕ್ಕೆ ಬಡಿಯುವುದು, ಕಾಲು ಉಳುಕುವುದು ಆಗಲೇ. ಒಂದು ತಾಸು ಮಲಗಿ ಎದ್ದು ಸಂಜೆ ಹಗುರವಾಗಿ ಓಡಿ. ಡ್ಯೂಟಿ ಅದಲು ಬದಲು ಮಾಡಿಕೊಳ್ಳುವ ಗೆಳೆಯರು ಮೆಡಿಕಲ್ ಆಟಗಾರನಿಗೆ ಬೂಟಿಗಿಂತ ಮುಖ್ಯ.

ಕಾಲು ಉಳುಕಿದೆ, ಆರ್ಥೋ ಸರ್‌ಗೆ ತೋರಿಸಬೇಕಾ? ಸುಮ್ನೆ ಐಸ್ ಇಟ್ಟರೆ ಸಾಕಾ?

ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಪಾದದ ಗಂಟಿನ ಎರಡು ಬದಿಯ ಮೂಳೆಗಳಲ್ಲಿ ಯಾವುದಾದರೂ ಒಂದನ್ನು ಹಿಂಬದಿಯಲ್ಲಿ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ. ಎರಡೂ ಇಲ್ಲದಿದ್ದರೆ ಪಟ್ಟಿ, ಐಸ್, ಕಾಲು ಎತ್ತರ. ಊತ ಇಳಿದ ಮೇಲೆ ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡದೆ ಮತ್ತೆ ಆಡಲು ಹೋಗುವವರೇ ಮೂರು ತಿಂಗಳಲ್ಲಿ ಅದೇ ಕಾಲು ಉಳುಕಿಸಿಕೊಂಡು ಬರುತ್ತಾರೆ. ಫಿಸಿಯೋಥೆರಪಿ ಕಾಲೇಜು ಅದೇ ಕ್ಯಾಂಪಸ್‌ನಲ್ಲಿದ್ದರೆ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ. ಅವರಿಗೂ ಕಲಿಯಲು ಒಂದು ಕಾಲು ಬೇಕಿರುತ್ತದೆ.

ಔಷಧ ನಮ್ಮ ಕೈಯಲ್ಲೇ ಇರ್ತದಲ್ಲ, ಡೋಪಿಂಗ್ ಭಯ ನಮಗ್ಯಾಕ?

ಅದಕ್ಕೇ ನಿಮಗೆ ಭಯ ಜಾಸ್ತಿ ಇರಬೇಕು. ಮೆಡಿಕಲ್ ಹಾಸ್ಟೆಲ್‌ನಲ್ಲಿ ಸ್ಯಾಂಪಲ್ ಮಾತ್ರೆಗಳ ಡಬ್ಬಿ ಪ್ರತಿ ರೂಮಿನಲ್ಲಿದೆ. ಅದರಲ್ಲಿ ಕೆಲವು ನಿಷೇಧಿತ ಪಟ್ಟಿಯಲ್ಲಿವೆ. ಫ್ಯುರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಔಷಧ ಯಾವಾಗಲೂ ನಿಷೇಧ. ಕುಸ್ತಿ, ಬಾಕ್ಸಿಂಗ್‌ನಲ್ಲಿ ತೂಕ ಇಳಿಸಲು ಇದನ್ನು ನುಂಗಿ ಸಿಕ್ಕಿಬಿದ್ದವರಿದ್ದಾರೆ. ಪ್ರೆಡ್ನಿಸೊಲೋನ್ ಮಾತ್ರೆ, ಸ್ಟಿರಾಯ್ಡ್ ಇಂಜೆಕ್ಷನ್ ಸ್ಪರ್ಧೆಯ ಹೊತ್ತಿನಲ್ಲಿ ನಿಷೇಧ. ನೋವಿನ ಔಷಧ ಟ್ರಮಡಾಲ್ 2024ರ ಜನವರಿಯಿಂದ ಆ ಪಟ್ಟಿಗೆ ಸೇರಿದೆ. ನೆಗಡಿಯ ಸ್ಯೂಡೋಎಫೆಡ್ರಿನ್‌ಗೂ ಮೂತ್ರದಲ್ಲಿ ಮಿತಿ ಇದೆ. ಅಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್ ತೆಗೆದುಕೊಳ್ಳಬಹುದು, ಆದರೆ 24 ಗಂಟೆಗೆ 1600 ಮೈಕ್ರೊಗ್ರಾಂ ದಾಟಬಾರದು, ಯಾವ 8 ಗಂಟೆಯಲ್ಲೂ 600 ದಾಟಬಾರದು. ಕಾಫಿಗೆ ತೊಂದರೆ ಇಲ್ಲ.

ನಮ್ಮ ಕಡೆ ಇನ್ನೊಂದು ಚಟ ಇದೆ. ಸುಸ್ತಾದರೆ ಸಲಾಯಿನ್ ಹಚ್ಚಿಸಿಕೊಳ್ಳುವುದು. ಮ್ಯಾಚ್ ಮುಗಿಸಿ ಬಂದ ಗೆಳೆಯನಿಗೆ ರೂಮಿನಲ್ಲೇ ಒಂದು ಬಾಟಲಿ ಏರಿಸುವ ಇಂಟರ್ನ್‌ಗಳಿದ್ದಾರೆ. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ನರಕ್ಕೆ ಏರಿಸುವುದೇ ನಿಯಮ ಉಲ್ಲಂಘನೆ, ಒಳಗೆ ಬರೀ ಉಪ್ಪುನೀರಿದ್ದರೂ. ಬಾಯಿಂದ ಓ.ಆರ್.ಎಸ್. ಕುಡಿಸಿ. ಔಷಧ ನಿಜಕ್ಕೂ ಬೇಕಿದ್ದರೆ ಚಿಕಿತ್ಸಾ ವಿನಾಯಿತಿಗೆ ರಾಷ್ಟ್ರೀಯ ಉದ್ದೀಪನ ನಿಗ್ರಹ ಸಂಸ್ಥೆಗೆ, ಅಂದರೆ ನಾಡಾಕ್ಕೆ, ಮೊದಲೇ ಅರ್ಜಿ ಹಾಕಬೇಕು.

ಸ್ಪೋರ್ಟ್ಸ್ ಮೆಡಿಸಿನ್ ಅಂತ ಪಿ.ಜಿ. ಇದೆಯಾ?

ಇದೆ, ಮೂರು ವರ್ಷದ ಎಂ.ಡಿ. ಸೀಟು ದೇಶದಲ್ಲೇ ಕಡಿಮೆ. ಆರ್ಥೋ ಅಥವಾ ಫಿಸಿಯಾಲಜಿ ಮಾಡಿ ಈ ಕಡೆ ಬಂದವರೂ ಇದ್ದಾರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಹೆಸರು ಈ ಕ್ಷೇತ್ರದಲ್ಲಿ ಹಳೆಯದು.

ನಮ್ಮ ಬ್ಯಾಚ್‌ನವರು ರಿಯೂನಿಯನ್‌ಗೆ ಬರ್ತಿದ್ದೇವೆ, ಮೈದಾನಕ್ಕೆ ಏನಾದರೂ ಕೊಡಬೇಕು. ಏನು ಕೊಡೋಣ?

ಸ್ಕೋರ್‌ಬೋರ್ಡ್, ಕಮಾನು ಬೇಡ. ದುಡ್ಡು ಜಾಸ್ತಿ ಇದ್ದರೆ ಚರಂಡಿ ಮತ್ತು ಗರಸು. ಮಧ್ಯಮ ಇದ್ದರೆ ವಾಲಿಬಾಲ್ ಮತ್ತು ಬಾಸ್ಕೆಟ್‌ಬಾಲ್ ಕೋರ್ಟಿಗೆ ಎಲ್.ಇ.ಡಿ. ಲೈಟ್. ಕತ್ತಲಾದ ಮೇಲೂ ಆಡಬಹುದೆಂದರೆ ದಿನಕ್ಕೆ ಎರಡು ಗಂಟೆ ಕೊಟ್ಟಂತೆ. ಕಡಿಮೆ ಇದ್ದರೆ ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಒಂದು ನೀರಿನ ಫಿಲ್ಟರ್. ಇನ್ನೂ ಕಡಿಮೆ ಇದ್ದರೆ, ಹೀಟ್ ಸ್ಟ್ರೋಕ್ ಆದವರನ್ನು ತಂಪು ಮಾಡಲು ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಮತ್ತು ಐಸ್ ಪೆಟ್ಟಿಗೆ.

ಹೃದಯಕ್ಕೆ ಶಾಕ್ ಕೊಡುವ ಎ.ಇ.ಡಿ. ಯಂತ್ರ ಕೊಡುತ್ತೇವೆ ಎಂದು ಕೆಲವು ಬ್ಯಾಚ್‌ನವರು ಕೇಳಿದ್ದಾರೆ. ಒಳ್ಳೆಯ ವಿಚಾರ. ಒಂದೇ ಷರತ್ತು, ಅದನ್ನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡಬಾರದು. ಮೈದಾನದ ಗೋಡೆಗೆ ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿ, ಬ್ಯಾಟರಿಯನ್ನು ಯಾರು ಯಾವಾಗ ನೋಡಬೇಕು ಎಂದು ಪಕ್ಕದಲ್ಲೇ ಬರೆದು ಅಂಟಿಸಿ. ಗ್ರೌಂಡ್‌ಮನ್‌ಗೂ ವಾಚ್‌ಮನ್‌ಗೂ ಅದನ್ನು ಬಳಸಲು ಕಲಿಸಿ, ಎದೆ ಒತ್ತುವುದನ್ನೂ ಕಲಿಸಿ, ನಿಮಿಷಕ್ಕೆ 100ರಿಂದ 120 ಬಾರಿ. ಡಾಕ್ಟರು ನೂರಾರು ಜನ ಇರುವ ಕ್ಯಾಂಪಸ್‌ನಲ್ಲೂ ಮುಂಜಾನೆ ಐದೂವರೆಗೆ ಮೈದಾನದಲ್ಲಿ ಖಂಡಿತ ಇರುವವರು ಅವರಿಬ್ಬರೇ.